ಉಷೆಯ ಗೋಡೆಯನ್ನೇರಿದ ಇಬ್ಬರು ಗೆಳೆಯರು

ಆರೋಹಣವೆಂದೊಡನೆ ಕನ್ನಡಿಗರ ಕಣ್ಮುಂದೆ ನಿಲ್ಲುವುದು ಹಿಮಾಲಯ. 1953ರ ಮೇ 29ರಂದು ಎವರೆಸ್ಟ್ ಶಿಖರದ ಮೇಲೆ ಕಾಲೂರಿದ ತೇನ್‌ಸಿಂಗ್ ಮತ್ತು ಹಿಲರಿಯವರ ಜೋಡಿ. ಹಿಮ, ಬಿರುಗಾಳಿ, ಉಸಿರು ಕಟ್ಟುವ ಎತ್ತರ ಇವು ಅಲ್ಲಿಯ ಶತ್ರುಗಳು. ಆದರೆ ಇದೇ ಕುಲಕ್ಕೆ ಸೇರಿದ ಮತ್ತೊಂದು ವಿದ್ಯೆಯುಂಟು. ಅದು ಬಂಡೆಯನ್ನೇರುವ ವಿದ್ಯೆ. ಇಲ್ಲಿ ಶಿಖರ ಮುಖ್ಯವಲ್ಲ, ಶಿಖರಕ್ಕೆ ಹೋಗುವ ದಾರಿಯ ಕಾಠಿಣ್ಯವೇ ಮುಖ್ಯ. ಬೆಟ್ಟದ ಹಿಂಬದಿಯಲ್ಲಿ ಯಾರು ಬೇಕಾದರೂ ನಡೆದು ಹೋಗಬಹುದಾದ ಕಾಲುದಾರಿಯಿದ್ದರೂ ಅದನ್ನು ಬಿಟ್ಟು, ಗೋಡೆಯಂತೆ ನೆಟ್ಟಗೆ ನಿಂತ ಮುಂಬದಿಯನ್ನೇ ಆರಿಸಿಕೊಳ್ಳುವುದು ಈ ವಿದ್ಯೆಯ ರೀತಿ. ಹೊರಗಿನಿಂದ ನೋಡುವವರಿಗೆ ಇದು ಹುಚ್ಚೆಂದು ತೋರಿದರೆ ಅಚ್ಚರಿಯಿಲ್ಲ. ಆದರೆ ಈ ಹುಚ್ಚಿನ ಹಿಂದೆ ಎಷ್ಟು ಲೆಕ್ಕಾಚಾರ, ಎಷ್ಟು ಭೌತಶಾಸ್ತ್ರ, ಎಷ್ಟು ಸ್ನೇಹಧರ್ಮ ಅಡಗಿದೆಯೆಂಬುದನ್ನು 2015ರ ಜನವರಿಯಲ್ಲಿ ಅಮೆರಿಕದ ಇಬ್ಬರು ಗೆಳೆಯರು ಲೋಕಕ್ಕೆ ತೋರಿಸಿಕೊಟ್ಟರು.

ಕ್ಯಾಲಿಫೋರ್ನಿಯಾ ರಾಜ್ಯದ ಸಿಯೆರಾ ನೆವಾಡ ಪರ್ವತಶ್ರೇಣಿಯಲ್ಲಿ ಯೊಸೆಮಿಟಿ ಎಂಬ ಕಣಿವೆಯಿದೆ. ಹಿಮನದಿಗಳು ಯುಗಯುಗಾಂತರಗಳಲ್ಲಿ ಕೊರೆದು, ಅಗಲಗೊಳಿಸಿ, ಕಡಿದಾಗಿಸಿದ ಕಣಿವೆ ಅದು. ಅದರ ಬಾಗಿಲಲ್ಲಿ ದ್ವಾರಪಾಲಕನಂತೆ ನಿಂತಿರುವ ಏಕಶಿಲೆಯೇ ಎಲ್ ಕ್ಯಾಪಿಟನ್. ಕಣಿವೆಯ ನೆಲದಿಂದ ಸುಮಾರು 3,000 ಅಡಿ ನೇರವಾಗಿ ಮೇಲೆದ್ದ ಈ ಗ್ರಾನೈಟ್ ಬಂಡೆ ಭೂಗರ್ಭದಲ್ಲಿ ಸುಮಾರು 10 ಕೋಟಿ ವರ್ಷಗಳ ಹಿಂದೆ ಘನೀಭವಿಸಿದ್ದು. ಕನ್ನಡ ನಾಡಿನವರಿಗೆ ಗ್ರಾನೈಟ್ ಹೊಸದೇನಲ್ಲ. ರಾಮನಗರ ಮತ್ತು ಅದರ ಸುತ್ತಿನ ಬೆಟ್ಟಗಳ ಕಲ್ಲೂ ಇದೇ ಜಾತಿಯದು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಅಜ್ಜನ ಮುಂದೆ ಎಲ್ ಕ್ಯಾಪಿಟನ್ ಇನ್ನೂ ತೊಟ್ಟಿಲ ಕೂಸು. ಆದರೆ ಇಲ್ಲಿಯ ಬಂಡೆಗಳು ಮಳೆಬಿಸಿಲಿಗೆ ಸವೆದು ದುಂಡಗಾಗಿದ್ದರೆ, ಅಲ್ಲಿಯದು ಈಗಷ್ಟೇ ಉಳಿಯಿಂದ ಕಡಿದಿಟ್ಟಂತೆ ಚೂಪಾಗಿ, ನುಣುಪಾಗಿ ನಿಂತಿದೆ.

ಈ ಬಂಡೆಯ ಆಗ್ನೇಯಕ್ಕೆ ಮುಖ ಮಾಡಿದ ಭಾಗದ ಮೇಲೆ ದಿನದ ಮೊದಲ ಬಿಸಿಲು ಬೀಳುತ್ತದೆ. ಆದುದರಿಂದಲೇ ಅದಕ್ಕೆ ಡಾನ್ ವಾಲ್, ಅಂದರೆ ಉಷೆಯ ಗೋಡೆ, ಎಂಬ ಸುಂದರವಾದ ಹೆಸರು. ಹೆಸರು ಎಷ್ಟು ಕಾವ್ಯಮಯವೋ ಆರೋಹಿಗಳ ಪಾಲಿಗೆ ಅದರ ಅರ್ಥ ಅಷ್ಟೇ ಕಷ್ಟದ್ದು. ಅದನ್ನು ಮುಂದೆ ನೋಡಬಹುದು.

ಎಲ್ ಕ್ಯಾಪಿಟನ್ನಿನ ಮುಖವನ್ನು ಮೊದಲು ಏರಿದವರು ವಾರೆನ್ ಹಾರ್ಡಿಂಗ್ ಮತ್ತು ಅವನ ಸಂಗಡಿಗರು. ನೋಸ್ ಎಂದು ಹೆಸರಾದ ಮಾರ್ಗದಲ್ಲಿ ಅವರು ತುದಿ ಮುಟ್ಟಿದ್ದು 1958ರ ನವೆಂಬರ್ ತಿಂಗಳಲ್ಲಿ. ಅದೇ ಹಾರ್ಡಿಂಗ್ 1970ರಲ್ಲಿ ಡೀನ್ ಕಾಲ್ಡ್‌ವೆಲ್ ಎಂಬವನೊಡನೆ ಉಷೆಯ ಗೋಡೆಯ ಮೇಲೆ 27 ದಿನಗಳನ್ನು ಕಳೆದು ಮೇಲೆ ಬಂದನು. ನಡುವೆ ಬಿರುಗಾಳಿ ಬೀಸಿ, ಅವರನ್ನು ಕೆಳಗಿಳಿಸಲು ರಕ್ಷಣಾ ದಳ ಸಿದ್ಧವಾದಾಗ ಇಬ್ಬರೂ ಸಹಾಯವನ್ನು ನಿರಾಕರಿಸಿದರು. ಆದರೆ ಆ ಕಾಲದ ಆರೋಹಣದ ರೀತಿಯೇ ಬೇರೆ. ಬಿರುಕು ಇದ್ದಲ್ಲಿ ಮೊಳೆ ಬಡಿಯುವುದು, ಇಲ್ಲದಲ್ಲಿ ಕಲ್ಲಿಗೆ ತೂತು ಕೊರೆದು ಕೀಲು ಕೂರಿಸುವುದು, ಅದಕ್ಕೆ ಸಣ್ಣ ಹಗ್ಗದೇಣಿ ತೂಗುಹಾಕಿ ಅದರ ಮೇಲೆ ನಿಂತು ಮುಂದಿನ ಕೀಲಿಗೆ ಕೈ ಚಾಚುವುದು. ಹೀಗೆ ಏರುವಾಗ ಮನುಷ್ಯನ ಭಾರವನ್ನು ಹೊರುವುದು ಕಬ್ಬಿಣವೇ ಹೊರತು ಬೆರಳಲ್ಲ.

ಮುಕ್ತಾರೋಹಣ ಇದಕ್ಕಿಂತ ಭಿನ್ನವಾದುದು. ಈ ಶಬ್ದದ ಬಗ್ಗೆ ಪತ್ರಿಕೆಗಳಲ್ಲಿಯೂ ಗೊಂದಲ ಕಾಣುತ್ತದೆಯಾದ್ದರಿಂದ ಸ್ವಲ್ಪ ವಿವರಿಸುವುದು ಲೇಸು. ಮುಕ್ತವೆಂದರೆ ಹಗ್ಗವಿಲ್ಲದೆ ಎಂದಲ್ಲ. ಹಗ್ಗ ಇರುತ್ತದೆ, ಕೀಲುಗಳೂ ಇರುತ್ತವೆ. ಆದರೆ ಅವು ಬಿದ್ದವನನ್ನು ತಡೆಯುವುದಕ್ಕೆ ಮಾತ್ರ. ಮೇಲೇರಲು ಕೈಕಾಲುಗಳ ಬಲವೊಂದೇ ಆಧಾರ. ಇಡೀ ಬಂಡೆಯನ್ನು ಹಗ್ಗದ ಅಳತೆಗೆ ತಕ್ಕಂತೆ ತುಂಡುತುಂಡಾಗಿ ವಿಂಗಡಿಸಲಾಗುತ್ತದೆ. ಒಂದೊಂದು ತುಂಡಿಗೂ ಪಿಚ್ ಎಂದು ಹೆಸರು. ಒಂದು ಪಿಚ್ಚಿನ ಮಧ್ಯೆ ಜಾರಿಬಿದ್ದು ಹಗ್ಗದ ಮೇಲೆ ಭಾರ ಹಾಕಿದರೆ ಅಲ್ಲಿಯವರೆಗಿನ ಶ್ರಮ ಲೆಕ್ಕಕ್ಕಿಲ್ಲ. ಆ ಪಿಚ್ಚಿನ ಬುಡಕ್ಕೆ ಮರಳಿ ಮೊದಲಿನಿಂದ ಆರಂಭಿಸಬೇಕು. ನೋಸ್ ಮಾರ್ಗವನ್ನು ಈ ಕಟ್ಟುನಿಟ್ಟಿನ ನಿಯಮದಂತೆ ಮೊತ್ತಮೊದಲು ಏರಿದವಳು 1993ರಲ್ಲಿ ಲಿನ್ ಹಿಲ್ ಎಂಬ ಮಹಿಳೆ. ಹಗ್ಗವೇ ಇಲ್ಲದೆ ಒಬ್ಬಂಟಿಯಾಗಿ ಏರುವುದು ಮತ್ತೊಂದು ಬಗೆ; ಅಲೆಕ್ಸ್ ಹಾನಲ್ಡ್ ಎಂಬ ತರುಣ 2017ರ ಜೂನ್ 3ರಂದು ಎಲ್ ಕ್ಯಾಪಿಟನ್ನಿನ ಮತ್ತೊಂದು ಮಾರ್ಗದಲ್ಲಿ ಅದನ್ನೂ ಸಾಧಿಸಿದನು. ಅದರ ವಿಚಾರ ಇಲ್ಲಿ ಅಪ್ರಸ್ತುತ. ಉಷೆಯ ಗೋಡೆಯಾದರೋ ಮುಕ್ತಾರೋಹಣಕ್ಕೆ ಒಲಿಯದೆ ಉಳಿದಿತ್ತು. ಅದರ ನಡುಭಾಗದಲ್ಲಿ ಬಿರುಕುಗಳಿಲ್ಲ. ನಾಣ್ಯದ ಅಂಚಿನಷ್ಟು ದಪ್ಪದ ಕಲ್ಲಿನ ಎಳೆಗಳು ಮಾತ್ರ ಇವೆ. ಅವುಗಳ ಮೇಲೆ ಬೆರಳ ತುದಿಯನ್ನೂರಿ ಮನುಷ್ಯನ ಭಾರವನ್ನು ತಾಳಬೇಕು.

ಈ ಅಸಾಧ್ಯವನ್ನು ಕನಸಿದವನು ಟಾಮಿ ಕಾಲ್ಡ್‌ವೆಲ್. ಮೇಲೆ ಹೇಳಿದ ಡೀನ್ ಕಾಲ್ಡ್‌ವೆಲ್ಲನಿಗೂ ಇವನಿಗೂ ಹೆಸರಿನ ಸಾಮ್ಯವಲ್ಲದೆ ಬೇರೆ ನಂಟಿಲ್ಲ. ಕೊಲೊರಾಡೊ ರಾಜ್ಯದ ಶಾಲಾ ಉಪಾಧ್ಯಾಯರೊಬ್ಬರ ಮಗನೀತ. ತಂದೆ ಬೆಟ್ಟಗಳ ಮಾರ್ಗದರ್ಶಿಯೂ ಆಗಿದ್ದು ಮಗನಿಗೆ ಎಳವೆಯಲ್ಲೇ ಹಗ್ಗದ ಪಾಠ ಹೇಳಿಕೊಟ್ಟವರು. 2000ದ ಆಗಸ್ಟ್ ತಿಂಗಳಲ್ಲಿ ಕಿರ್ಗಿಸ್ತಾನದ ಪರ್ವತಗಳಲ್ಲಿ ಈತನನ್ನೂ ಮೂವರು ಸಂಗಡಿಗರನ್ನೂ ಸಶಸ್ತ್ರ ಬಂಡುಕೋರರು ಆರು ದಿನ ಸೆರೆಯಲ್ಲಿಟ್ಟಿದ್ದರು; ಪ್ರಾಣಾಪಾಯದಿಂದ ಪಾರಾಗಿ ಬಂದದ್ದೇ ಹೆಚ್ಚು. ಮರುವರ್ಷ ಮನೆಯಲ್ಲಿ ಮರಗೆಲಸ ಮಾಡುತ್ತಿರುವಾಗ ಯಂತ್ರದ ಗರಗಸಕ್ಕೆ ಸಿಕ್ಕಿ ಎಡಗೈಯ ತೋರುಬೆರಳನ್ನು ಕಳೆದುಕೊಂಡನು. ಬೆರಳೇ ಬಂಡವಾಳವಾದ ವಿದ್ಯೆಯಲ್ಲಿ ಇದು ಏಕಲವ್ಯನ ಸ್ಥಿತಿಯೇ ಸರಿ. ಆದರೂ ಉಳಿದ ಒಂಬತ್ತು ಬೆರಳುಗಳಿಂದಲೇ ಅಭ್ಯಾಸ ಮುಂದುವರಿಸಿ, 2007ರ ಸುಮಾರಿಗೆ ಉಷೆಯ ಗೋಡೆಯ ಮೇಲೆ ದಾರಿ ಹುಡುಕಲು ತೊಡಗಿದನು.

2009ರಲ್ಲಿ ಅವನ ಜೊತೆಗೂಡಿದವನು ಕೆವಿನ್ ಜಾರ್ಗೆಸನ್. ಕ್ಯಾಲಿಫೋರ್ನಿಯಾದ ಈ ತರುಣ ಒಂಟಿಗುಂಡುಗಳನ್ನು ಏರುವುದರಲ್ಲಿ ನಿಪುಣ. ದೊಡ್ಡ ಗೋಡೆಗಳ ಅನುಭವ ಅವನಿಗಿರಲಿಲ್ಲ. ಎಲ್ ಕ್ಯಾಪಿಟನ್ನನ್ನು ಅವನು ಆವರೆಗೆ ಒಮ್ಮೆಯೂ ಏರಿರಲಿಲ್ಲ. ಕಾಲ್ಡ್‌ವೆಲ್ಲನ ಪ್ರಯತ್ನವನ್ನು ಚಲನಚಿತ್ರವೊಂದರಲ್ಲಿ ಕಂಡು, ಸಹಾಯಕ್ಕೆ ಬರಬಹುದೇ ಎಂದು ತಾನಾಗಿಯೇ ಬರೆದು ಕೇಳಿದನು. ಗುರುತು ಪರಿಚಯವಿಲ್ಲದ ಇಬ್ಬರನ್ನು ಬಂಡೆಯೊಂದು ಗೆಳೆಯರನ್ನಾಗಿಸಿತು. ಮುಂದಿನ ವರ್ಷಗಳಲ್ಲಿ ಇವರು ಕೈಗೊಂಡ ಪ್ರಯತ್ನಗಳೆಲ್ಲ ವಿಫಲವಾದವು. ಒಮ್ಮೆ ಮಳೆ ಅಡ್ಡಬಂದಿತು. ಮತ್ತೊಮ್ಮೆ ಜಾರ್ಗೆಸನ್ನನ ಕಾಲಿನ ಗಿಣ್ಣಿಗೆ ಪೆಟ್ಟಾಯಿತು.

ಇಷ್ಟಾಗಿಯೂ ಅವರು ಕೊನೆಗೆ ಆರಿಸಿಕೊಂಡದ್ದು ಚಳಿಗಾಲವನ್ನು. ಎತ್ತರದ ಬಂಡೆಯ ಮೇಲೆ, ತೂಗುಹಾಕಿದ ಗುಡಾರದಲ್ಲಿ, ಡಿಸೆಂಬರ್ ಜನವರಿಗಳ ಕೊರೆವ ಚಳಿಯನ್ನು ಬಯಸಿ ಬಯಸಿ ಹೋಗುವುದೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಘರ್ಷಣೆಯಲ್ಲಿದೆ.

ನುಣುಪಾದ ಕಲ್ಲಿಗೂ ಬೆರಳಿಗೂ ನಡುವೆ ಇರುವ ಘರ್ಷಣೆಯೇ ಆರೋಹಿಯ ಜೀವಾಳ. ಬೆರಳ ತುದಿ ಬೆವರಿತೆಂದರೆ ಚರ್ಮ ಮೆತ್ತಗಾಗುತ್ತದೆ. ಕಲ್ಲಿಗೂ ಚರ್ಮಕ್ಕೂ ನಡುವೆ ನೀರಿನ ತೆಳುಪದರ ಸೇರಿ ಹಿಡಿತ ಜಾರುತ್ತದೆ. ಬೆವರನ್ನು ಹೀರಲೆಂದು ಆರೋಹಿಗಳು ಸೊಂಟದ ಚೀಲದಿಂದ ಬಿಳಿಯ ಪುಡಿಯನ್ನು ಪದೇ ಪದೇ ಕೈಗೆ ಬಳಿದುಕೊಳ್ಳುತ್ತಾರೆ. ಅದು ಮೆಗ್ನೀಸಿಯಂ ಕಾರ್ಬೊನೇಟ್. ಅಂಗಸಾಧಕರು ಬಳಸುತ್ತಿದ್ದ ಈ ಪುಡಿಯನ್ನು 1950ರ ದಶಕದಲ್ಲಿ ಬಂಡೆಗೆ ತಂದವನು ಜಾನ್ ಗಿಲ್. ಆದರೆ ಬಿಸಿಲೇರಿದ ಕಲ್ಲಿನ ಮುಂದೆ ಪುಡಿಯ ಆಟ ಬಹಳ ಹೊತ್ತು ನಡೆಯದು. ಪಾದರಕ್ಷೆಯ ರಬ್ಬರಿನ ಕಥೆಯೂ ಹಾಗೆಯೇ. ರಬ್ಬರು ತೀರ ತಣ್ಣಗಾದರೆ ಬಿರುಸಾಗಿ ಕಲ್ಲನ್ನು ಕಚ್ಚಲಾರದು. ಬಿಸಿಯಾದರೆ ಮೆತ್ತಗಾಗಿ, ಸೂಕ್ಷ್ಮವಾದ ಅಂಚಿನ ಮೇಲೆ ಭಾರ ಬಿದ್ದಾಗ ಮಡಚಿ ಉರುಳಿಹೋಗುತ್ತದೆ. ಒಣ ಚಳಿಯಲ್ಲಿ ಚರ್ಮ ಗಟ್ಟಿ, ರಬ್ಬರು ದೃಢ. ಉಡದ ಪಟ್ಟು ಎಂದು ಕನ್ನಡದಲ್ಲಿ ಹೇಳುವ ಹಿಡಿತ ಸಿಗಬೇಕಾದರೆ ಹವೆಯೂ ಅನುಕೂಲಿಸಬೇಕು.

ಉಷೆಯ ಗೋಡೆಗೆ ಬೆಳಗಿನಿಂದಲೇ ಬಿಸಿಲು. ಚಳಿಗಾಲದ ಎಳೆಬಿಸಿಲಾದರೂ ಗಾಳಿಯಿಲ್ಲದ ದಿನ ಆ ಗೋಡೆ ಕಾವಲಿಯಾಗಬಲ್ಲುದು. ಅಷ್ಟೇ ಅಲ್ಲದೆ, ತುದಿಯಲ್ಲಿ ರಾತ್ರಿ ಹೆಪ್ಪುಗಟ್ಟಿದ ಮಂಜಿನ ಹಾಳೆಗಳು ಬಿಸಿಲಿಗೆ ಸಡಿಲಗೊಂಡು ಕೆಳಗುರುಳುವ ಭಯವೂ ಉಂಟು. ಆದುದರಿಂದ ಗೆಳೆಯರಿಬ್ಬರೂ ಹಗಲನ್ನು ಗುಡಾರದಲ್ಲಿ ಕಳೆದು, ಬಿಸಿಲು ಜಾರಿದ ಬಳಿಕ, ಹಣೆಗೆ ದೀಪ ಕಟ್ಟಿಕೊಂಡು ಕತ್ತಲಲ್ಲಿ ಏರುವ ಕ್ರಮವನ್ನು ಅನುಸರಿಸಿದರು. ಉಷೆಯ ಹೆಸರಿನ ಗೋಡೆಯನ್ನು ನಿಶೆಯಲ್ಲಿ ಏರಬೇಕಾಗಿ ಬಂದುದು ಒಂದು ವಿಪರ್ಯಾಸವೇ.

ಆ ವರ್ಷದ ಚಳಿಗಾಲವಾದರೋ ಸಾಮಾನ್ಯವಾದುದಲ್ಲ. 2014ರ ಡಿಸೆಂಬರಿನಿಂದ 2015ರ ಫೆಬ್ರವರಿಯವರೆಗಿನ ಋತು ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿಯವರೆಗೆ ದಾಖಲಾದ ಚಳಿಗಾಲಗಳಲ್ಲೆಲ್ಲ ಅತ್ಯಂತ ಬೆಚ್ಚನೆಯದು. ರಾಜ್ಯ ಹಲವು ವರ್ಷಗಳ ಅನಾವೃಷ್ಟಿಯ ನಡುವೆ ಇತ್ತು. ಪೆಸಿಫಿಕ್ ಸಾಗರದಿಂದ ಬರುವ ಚಳಿಗಾಲದ ಬಿರುಮಳೆಗಳೇ ಆ ನಾಡಿಗೆ ನೀರಿನ ಮೂಲ. ಸಾಗರದ ಮೇಲೆ ಅಧಿಕ ಒತ್ತಡದ ವಾಯುಪ್ರದೇಶವೊಂದು ನೆಲೆಯೂರಿತೆಂದರೆ ಅದು ಹರಿವ ಹೊಳೆಯಲ್ಲಿನ ಹೆಬ್ಬಂಡೆಯಂತೆ. ಬಿರುಮಳೆಗಳು ಅದನ್ನು ಬಳಸಿ ಉತ್ತರಕ್ಕೆ ಹೊರಟುಹೋಗುತ್ತವೆ. ಅದರ ಅಡಿಯಲ್ಲಿ ಆಕಾಶ ತಿಳಿ, ಗಾಳಿ ಮಂದ, ಹಗಲು ಬೆಚ್ಚಗೆ. ಆ ವರ್ಷಗಳಲ್ಲಿ ಇಂತಹ ಒತ್ತಡ ಮತ್ತೆ ಮತ್ತೆ ಬಂದು ಕುಳಿತು, ವಾರಗಟ್ಟಲೆ ಕದಲದೆ ಉಳಿಯಿತು.

ಆರೋಹಿಗಳಿಗೆ ಇದರಿಂದ ಒಳಿತಾಯಿತೇ, ಕೆಡುಕಾಯಿತೇ? ಎರಡೂ ಆಯಿತೆನ್ನಬೇಕು. ಜನವರಿಯಲ್ಲಿ ವಾಡಿಕೆಯ ಹಿಮಮಳೆ ಸುರಿದಿದ್ದರೆ ಹದಿನೈದು ಇಪ್ಪತ್ತು ದಿನ ಗೋಡೆಯ ಮೇಲೆ ಉಳಿಯುವ ಮಾತೇ ಇರಲಿಲ್ಲ. ಶುಷ್ಕವಾದ ಆಕಾಶ ಅವರಿಗೆ ಕಾಲಾವಕಾಶವನ್ನು ಕೊಟ್ಟಿತು. ಆದರೆ ಅದೇ ಆಕಾಶದ ಬಿಸಿಲು ಹಗಲಿನ ಹಿಡಿತವನ್ನು ಕಸಿದುಕೊಂಡಿತು. ಕಣಿವೆಯ ಕೆಳಗಿನ ರೈತರಿಗಂತೂ ಅದರಿಂದ ಕೆಡುಕಲ್ಲದೆ ಒಳಿತೇನೂ ಇರಲಿಲ್ಲ. 2015ರ ಏಪ್ರಿಲ್ 1ರಂದು ಸಿಯೆರಾ ನೆವಾಡದ ಹಿಮಸಂಚಯವನ್ನು ಅಳೆದಾಗ ಅದು ವಾಡಿಕೆಯ ಶೇಕಡಾ 5ರಷ್ಟು ಮಾತ್ರ ಇತ್ತು. ಅಳತೆಗೆಂದು ಬಂದ ರಾಜ್ಯಪಾಲ ಜೆರಿ ಬ್ರೌನ್ ಹಿಮವಿರಬೇಕಾದ ಜಾಗದಲ್ಲಿ ಒಣಹುಲ್ಲಿನ ಮೇಲೆ ನಿಂತು, ನಗರಗಳ ನೀರಿನ ಬಳಕೆಯನ್ನು ಕಾಲುಭಾಗ ಕಡಿತಗೊಳಿಸುವ ಆಜ್ಞೆಯನ್ನು ಘೋಷಿಸಬೇಕಾಯಿತು.

2014ರ ಡಿಸೆಂಬರ್ 27ರಂದು ಆರೋಹಣ ಆರಂಭವಾಯಿತು. ಒಟ್ಟು 32 ಪಿಚ್ಚುಗಳು. ಅವುಗಳಲ್ಲಿ ಹದಿನಾಲ್ಕನೆಯದು ಮತ್ತು ಹದಿನೈದನೆಯದು ಕಠಿಣತಮ. ಇವೆರಡರಲ್ಲಿಯೂ ಮೇಲೇರುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ, ಗೋಡೆಯ ಉದ್ದಕ್ಕೂ, ಸರಿಯಬೇಕು. ಕಾಲಿಗೆ ಆಧಾರವೆನ್ನಲು ಏನೂ ಇಲ್ಲ. ಬೆರಳಿಗೆ ಸಿಗುವ ಅಂಚುಗಳಾದರೋ ಕ್ಷೌರದ ಅಲಗಿನಂತೆ ಹರಿತ. ಹೊಸ ವರ್ಷದ ಹೊತ್ತಿಗೆ ಕಾಲ್ಡ್‌ವೆಲ್ ಇವೆರಡನ್ನೂ ದಾಟಿದನು. ಜಾರ್ಗೆಸನ್ ಹದಿನಾಲ್ಕನೆಯದನ್ನು ದಾಟಿ ಹದಿನೈದರಲ್ಲಿ ಸಿಕ್ಕಿಬಿದ್ದನು.

ಒಮ್ಮೆ ಜಾರಿದನು. ಮತ್ತೆ ಜಾರಿದನು. ಪ್ರತಿ ಸಾರಿಯೂ ಅದೇ ಜಾಗ, ಬಲಗೈಯ ಬೆರಳುಗಳು ಅದೇ ಅಂಚಿನಿಂದ ಕಳಚಿಕೊಳ್ಳುತ್ತಿದ್ದವು. ಕಲ್ಲು ಬೆರಳ ತುದಿಯ ಚರ್ಮವನ್ನು ಸೀಳುತ್ತಿತ್ತು. ಸೀಳಿದ ಚರ್ಮಕ್ಕೆ ಅಂಟುಪಟ್ಟಿ ಸುತ್ತಿದರೆ ಹಿಡಿತ ಕಡಿಮೆ, ಸುತ್ತದಿದ್ದರೆ ರಕ್ತ. ಚರ್ಮ ಬೆಳೆಯಲೆಂದೇ ಎರಡು ದಿನ ಏನೂ ಮಾಡದೆ ಗುಡಾರದಲ್ಲಿ ಕುಳಿತನು. ದೇಹದ ಮಿಕ್ಕೆಲ್ಲ ಬಲವೂ ಸನ್ನದ್ಧವಾಗಿದ್ದು, ಚದರ ಅಂಗುಲದ ಚರ್ಮಕ್ಕಾಗಿ ಇಡೀ ಸಾಹಸ ಕಾದು ನಿಲ್ಲುವುದೆಂದರೆ ವಿಚಿತ್ರವಲ್ಲವೇ? ಕಾಲ್ಡ್‌ವೆಲ್ ಸಹ ರಾತ್ರಿ ನಡುನಡುವೆ ಎದ್ದು ಬೆರಳುಗಳಿಗೆ ಲೇಪ ಹಚ್ಚಿಕೊಂಡು ಮಲಗುತ್ತಿದ್ದನಂತೆ.

ಅಷ್ಟರಲ್ಲಿ ಕಾಲ್ಡ್‌ವೆಲ್ ಮುಂದಿನ ಪಿಚ್ಚುಗಳನ್ನು ಒಂದೊಂದಾಗಿ ಗೆದ್ದು ಇಪ್ಪತ್ತನೆಯದರ ತುದಿಯಲ್ಲಿರುವ ಜಗುಲಿಯಂತಹ ತಾಣವನ್ನು ಮುಟ್ಟಿದ್ದನು. ಅಲ್ಲಿಂದ ಮೇಲಿನ ದಾರಿ ಅವನ ಮಟ್ಟಿಗೆ ಸುಲಭ. ಏಳು ವರ್ಷಗಳ ಕನಸು ಕೈಗೆಟಕುವ ದೂರದಲ್ಲಿತ್ತು. ಕೆಳಗೆ ಕಣಿವೆಯಲ್ಲಿ ವರದಿಗಾರರು ನೆರೆದಿದ್ದರು, ಲೋಕವೆಲ್ಲ ನೋಡುತ್ತಿತ್ತು. ಹವೆ ಯಾವ ದಿನ ಬೇಕಾದರೂ ಕೆಡಬಹುದಿತ್ತು. ಎಷ್ಟೇ ಬೆಚ್ಚನೆಯದಾದರೂ ಅದು ಜನವರಿ. ಒಂದು ಬಿರುಮಳೆ ಬಂದರೆ ಇಬ್ಬರೂ ಬರಿಗೈಯಲ್ಲಿ ಇಳಿಯಬೇಕಾದೀತು. ಜಾರ್ಗೆಸನ್ನನೇ, ತಾನು ಹಿಂದೆ ಸರಿದು ಗೆಳೆಯನಿಗೆ ಹಗ್ಗ ಹಿಡಿಯುವ ಸಹಾಯಕನಾಗಿ ಉಳಿದರೆ ಹೇಗೆಂದು ಯೋಚಿಸತೊಡಗಿದ್ದನು.

ಹಗ್ಗ ಹಿಡಿಯುವುದೆಂದರೇನು ಎಂಬುದನ್ನು ಇಲ್ಲಿ ತಿಳಿಯದೆ ಮುಂದಿನ ಮಾತಿನ ತೂಕ ಅರ್ಥವಾಗದು. ಹಳ್ಳಿಗಳಲ್ಲಿ ಬಾವಿಯ ಹೂಳೆತ್ತಲು ಒಬ್ಬ ಇಳಿಯುವಾಗ ಮೇಲೆ ಹಗ್ಗ ಹಿಡಿದು ನಿಲ್ಲುವವನನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಏರುವವನ ಸೊಂಟದ ಹಗ್ಗ ದಾರಿಯ ಕೀಲುಗಳ ಮೂಲಕ ಹಾದು ಕೆಳಗಿನವನ ಸೊಂಟದ ಸಾಧನಕ್ಕೆ ಬರುತ್ತದೆ. ಮೇಲಿನವನು ಏರಿದಂತೆಲ್ಲ ಕೆಳಗಿನವನು ಅಳತೆಯರಿತು ಹಗ್ಗ ಬಿಡುತ್ತಾನೆ. ಬಿಗಿಯಾದರೆ ಏರುವವನನ್ನು ಎಳೆದು ಕೆಡವೀತು. ಸಡಿಲವಾದರೆ ಬಿದ್ದಾಗ ಬೀಳುವ ದೂರ ಹೆಚ್ಚೀತು. ಜಾರಿದ ಕ್ಷಣದಲ್ಲಿ ಹಗ್ಗವನ್ನು ತಡೆದು ಜೀವ ಉಳಿಸುವುದು ಅವನ ಕೈ. ಗಂಟೆಗಟ್ಟಲೆ ಕತ್ತಲಲ್ಲಿ, ಚಳಿಯಲ್ಲಿ, ತಾನು ಏರದೆ ಮತ್ತೊಬ್ಬನ ಏರಿಕೆಯನ್ನೇ ಧ್ಯಾನಿಸುತ್ತ ನಿಲ್ಲುವ ಈ ಕೆಲಸಕ್ಕೆ ದಾಖಲೆಯ ಪುಸ್ತಕಗಳಲ್ಲಿ ಸ್ಥಾನವಿಲ್ಲ.

ಕಾಲ್ಡ್‌ವೆಲ್ ತುದಿಗೆ ಹೋಗಲಿಲ್ಲ. ಗೆಳೆಯನಿಲ್ಲದೆ ಏರುವ ವಿಜಯ ತನಗೆ ಬೇಡವೆಂದು ನಿರ್ಧರಿಸಿ ಕೆಳಗಿಳಿದು ಬಂದನು. ಹದಿನೈದನೆಯ ಪಿಚ್ಚಿನ ಬುಡದಲ್ಲಿ ಜಾರ್ಗೆಸನ್ನನ ಹಗ್ಗ ಹಿಡಿದು ನಿಂತನು. ಏಳು ದಿನಗಳಲ್ಲಿ ಹತ್ತು ಬಾರಿ ವಿಫಲನಾದ ಜಾರ್ಗೆಸನ್ 2015ರ ಜನವರಿ 9ರಂದು, ಹನ್ನೊಂದನೆಯ ಪ್ರಯತ್ನದಲ್ಲಿ, ಆ ಪಿಚ್ಚನ್ನು ದಾಟಿದನು. ಇದಕ್ಕೆ ಕಾರಣ ಹವೆಯೋ, ಬೆಳೆದ ಚರ್ಮವೋ, ಕೆಳಗೆ ನಿಂತವನೋ ಎಂದು ಬೇರ್ಪಡಿಸಿ ಹೇಳುವುದು ಕಠಿಣ.

ಹದಿನಾರನೆಯ ಪಿಚ್ಚಿನದು ಇನ್ನೊಂದು ಸ್ವಾರಸ್ಯ. ಅಲ್ಲಿ ಸುಮಾರು ಎಂಟು ಅಡಿ ದೂರದ ಹಿಡಿಗೆ ಪಕ್ಕಕ್ಕೆ ನೆಗೆದು ಜೋತುಬೀಳಬೇಕು. ಎಷ್ಟೋ ಪ್ರಯತ್ನಗಳ ಬಳಿಕವೂ ಆ ನೆಗೆತ ಕೈಗೂಡದ ಕಾಲ್ಡ್‌ವೆಲ್, ಕೆಳಕ್ಕೆ ಇಳಿದು ಸುತ್ತಿಕೊಂಡು ಮತ್ತೆ ಏರುವ ಬೇರೊಂದು ದಾರಿಯನ್ನು ಕಂಡುಕೊಂಡಿದ್ದನು. ಗುಂಡುಗಳ ಮೇಲೆ ನೆಗೆದು ಪಳಗಿದ ಜಾರ್ಗೆಸನ್ನನಿಗೆ ನೆಗೆತವೇ ಹಿತವಾಯಿತು. ಹೀಗೆ ಒಂದೇ ಗೋಡೆಯನ್ನು ಇಬ್ಬರೂ ತಮ್ಮ ತಮ್ಮ ಗುಣಕ್ಕೆ ತಕ್ಕಂತೆ ದಾಟಿದರು. ಮುಂದಿನದು ಬೇಗ ಬೇಗನೆ ಮುಗಿಯಿತು. ಇಲ್ಲಿ ಮನೆಮನೆಗಳಲ್ಲಿ ಎಳ್ಳುಬೆಲ್ಲದ ಸಿದ್ಧತೆ ನಡೆದಿದ್ದ ಸಂಕ್ರಾಂತಿಯ ಹೊತ್ತಿನಲ್ಲಿ, ಜನವರಿ 14ರ ಮಧ್ಯಾಹ್ನ, ಹತ್ತೊಂಬತ್ತನೆಯ ದಿನ, ಇಬ್ಬರೂ ಎಲ್ ಕ್ಯಾಪಿಟನ್ನಿನ ನೆತ್ತಿಯ ಮೇಲೆ ನಿಂತರು. ಕಾಲ್ಡ್‌ವೆಲ್ಲನಿಗೆ 36 ವರ್ಷ, ಜಾರ್ಗೆಸನ್ನನಿಗೆ 30. ಅಧ್ಯಕ್ಷ ಒಬಾಮ ಅಭಿನಂದನೆಯನ್ನು ಕಳುಹಿಸಿದರು. ಮರುವರ್ಷದ ನವೆಂಬರಿನಲ್ಲಿ ಚೆಕ್ ದೇಶದ ಆಡಮ್ ಒಂದ್ರಾ ಎಂಬ 23ರ ತರುಣ ಇದೇ ಮಾರ್ಗವನ್ನು 8 ದಿನಗಳಲ್ಲಿ ಏರಿದನು. ದಾರಿ ತೋರಿದವರ ಶ್ರಮವೆಷ್ಟೆಂಬುದನ್ನು ಈ ವೇಗದಿಂದ ಅಳೆಯುವಂತಿಲ್ಲ.

ಬಿಸಿಲಿಗೂ ಬಂಡೆಗೂ ಇರುವ ಸಂಬಂಧ ಬೆರಳಿನ ಬೆವರಿಗೆ ಮುಗಿಯುವುದಿಲ್ಲವೆಂಬುದೂ ಇದೇ ಕಣಿವೆಯಲ್ಲಿ ಸಿದ್ಧವಾಗಿದೆ. ಗ್ರಾನೈಟ್ ಬಂಡೆಗಳು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುವುದನ್ನು ರಾಮನಗರದ ಬೆಟ್ಟಗಳಲ್ಲಿಯೂ ಕಾಣಬಹುದು. ಬ್ರಯನ್ ಕಾಲಿನ್ಸ್ ಮತ್ತು ಗ್ರೆಗ್ ಸ್ಟಾಕ್ ಎಂಬ ವಿಜ್ಞಾನಿಗಳು ಯೊಸೆಮಿಟಿಯಲ್ಲಿ 19 ಮೀಟರ್ ಎತ್ತರದ ಇಂತಹ ಒಂದು ಪದರದ ಹಿಂದೆ ಮಾಪಕಗಳನ್ನಿಟ್ಟು ಮೂರೂವರೆ ವರ್ಷ ಗಮನಿಸಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಹಗಲ ಕಾವಿಗೆ ಪದರ ಗೋಡೆಯಿಂದ ಹೊರಕ್ಕೆ ಬಾಗುತ್ತದೆ. ರಾತ್ರಿಯ ತಂಪಿಗೆ ಒಳಕ್ಕೆ ಸರಿಯುತ್ತದೆ. ಬಿಸಿ ದಿನಗಳಲ್ಲಿ ಈ ಚಲನೆ ಸುಮಾರು ಒಂದು ಸೆಂಟಿಮೀಟರಿನಷ್ಟು. ಜಡವೆಂದು ತಿಳಿದ ಕಲ್ಲು ದಿನಕ್ಕೊಮ್ಮೆ ಉಸಿರಾಡಿದಂತೆ. ಹೀಗೆ ಅಲುಗಿ ಅಲುಗಿ ಪದರದ ಬುಡದ ಬಿರುಕು ಬೆಳೆಯುತ್ತದೆ. ಮಳೆಯಿಲ್ಲ, ಭೂಕಂಪವಿಲ್ಲ, ಒಂದು ಬಿಸಿ ಮಧ್ಯಾಹ್ನ ಬಂಡೆ ಕಳಚಿಬೀಳಬಹುದು. ಎಲ್ ಕ್ಯಾಪಿಟನ್ನಿನಿಂದ 2017ರ ಸೆಪ್ಟೆಂಬರ್ 27ರಂದು ಬಿದ್ದ ಬಂಡೆಗಳು ಆರೋಹಿಯೊಬ್ಬನ ಪ್ರಾಣವನ್ನು ತೆಗೆದುಕೊಂಡವು.

ರಾಮನಗರ, ಸಾವನದುರ್ಗ, ಬಾದಾಮಿಗಳಲ್ಲಿ ಹಗ್ಗ ಹೊತ್ತು ತಿರುಗುವ ಕನ್ನಡ ನಾಡಿನ ತರುಣರಿಗೂ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಸುಗ್ಗಿ. ಪೂರ್ವದ ಮುಖಗಳನ್ನು ಅವರು ಇಳಿಹೊತ್ತಿಗೆ, ಪಶ್ಚಿಮದ ಮುಖಗಳನ್ನು ಬೆಳಗಿನ ಜಾವಕ್ಕೆ ಕಾದಿರಿಸುತ್ತಾರೆ. ಪುಷ್ಯಮಾಸದಲ್ಲಿಯೇ ಬೇಸಗೆ ಬಂದಂತೆ ಕಾಯುವ ವರ್ಷಗಳಲ್ಲಿ, ಬಂಡೆಯ ಮೇಲೆ ಅಂಗೈಯನ್ನಿಟ್ಟು ನೋಡಿ, ಕಾವು ಹೆಚ್ಚೆನಿಸಿದರೆ ಹಗ್ಗವನ್ನು ಸುತ್ತಿಟ್ಟು ನೆರಳಿಗಾಗಿ ಕಾಯುತ್ತಾರೆ.